ಟೊಪ್ಪಿಗುಡ್ಡದ ಮೂವತ್ತನಾಲ್ಕು

ಮೇಷ್ಟ್ರು ಬರುವ ದಿನವೆಂದು ದೋಣಿಯವನು ಬೆಳಗ್ಗೆಯೇ ದೋಣಿಯೊಳಗಿನ ನೀರನ್ನು ಮೊಗೆದು ಚೆಲ್ಲಿ, ಹಲಗೆ ಒರೆಸಿ, ಹಗ್ಗದ ಸುರುಳಿಯನ್ನು ಮುಂದಿನ ಮೂಲೆಗೆ ಇಟ್ಟಿದ್ದ. ಹಗ್ಗ ಐವತ್ತು ಮಾರು, ಮಾರಿಗೊಂದು ಗಂಟು. ಅದನ್ನು ಗುಡ್ಡದ ನೆತ್ತಿಯಿಂದ ನೀರಂಚಿನವರೆಗೆ ಎಳೆದು ಕಟ್ಟಿ, ಎಡಬಲಕ್ಕೆ ಒಂದೊಂದು ಮಾರು ದೂರದಲ್ಲಿರುವ ಕಲ್ಲುಗಳನ್ನೆಲ್ಲ ಒಂದೊಂದಾಗಿ ಎತ್ತಿ, ಅಡಿಯಲ್ಲಿ ಏನೇನು ಜೀವ ಇದೆಯೆಂದು ನೋಡಿ ಬರೆಯಬೇಕು. ಬರೆದ ಮೇಲೆ ಕಲ್ಲನ್ನು ಎತ್ತಿದ ಹಾಗೆಯೇ ಇಡಬೇಕು, ಮಣ್ಣಿನ ಮುಖ ಮಣ್ಣಿಗೆ, ಬಿಸಿಲಿನ ಮುಖ ಬಿಸಿಲಿಗೆ. ಮೊದಲ ವರ್ಷ ಮೇಷ್ಟ್ರು ಹೇಳಿಕೊಟ್ಟ ಪಾಠ ಇದೊಂದೇ. ಉಳಿದದ್ದೆಲ್ಲ ಆಮೇಲೆ ತಾನಾಗಿ ಬಂತು.

ಹತ್ತೊಂಬತ್ತು ವರ್ಷದಿಂದ ಪ್ರತಿ ಬೇಸಿಗೆಯ ಬಾಯಿಗೆ ಮೇಷ್ಟ್ರು ಬರುತ್ತಿದ್ದರು. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಈಗ ಕೆಲಸದಿಂದ ನಿವೃತ್ತರು. ಕಲ್ಲು ಎತ್ತುವುದು ದೋಣಿಯವನು, ಬರೆಯುವುದು ಮೇಷ್ಟ್ರು, ಕಾಣುವುದು ದೋಣಿಯವನ ಅತ್ತಿಗೆ. ಅವನ ಅಣ್ಣ ಸತ್ತ ಮೇಲೆ ಅದೇ ಮನೆಯಲ್ಲಿ ಉಳಿದುಕೊಂಡ ಹೆಂಗಸು. ಮೇಷ್ಟ್ರು ಭೂತಗನ್ನಡಿ ತೆಗೆಯುವಷ್ಟರಲ್ಲಿ ಅವಳು, "ಜರಿ, ಕೆಂಪುಕಾಲಿಂದು. ಅಗೋ, ಮರಿ ಚೇಳು. ಮೇಷ್ಟ್ರೇ ಕಾಲು ತೆಗೀರಿ, ನಿಮ್ಮ ಹಿಮ್ಮಡಿ ಕೆಳಗೇ ಹಾವುರಾಣಿ ಹೋಯ್ತು," ಅನ್ನುತ್ತಿದ್ದಳು. ಪುಸ್ತಕದ ಕೊನೆಯ ಅಂಕಣದಲ್ಲಿ 'ಕಂಡವರು' ಎಂಬ ತಲೆಬರಹದ ಕೆಳಗೆ ಹತ್ತೊಂಬತ್ತು ವರ್ಷವೂ ಅವಳದೇ ಗುರುತು ಬಿದ್ದಿತ್ತು. ಆಕೆ ಕಂಡೆ ಅಂದರೆ ಕಂಡ ಹಾಗೆ. ಮೇಷ್ಟ್ರು ಎರಡನೆಯ ಸಲ ಕೇಳುತ್ತಿರಲಿಲ್ಲ.

ಅಣೆಕಟ್ಟು ಕಟ್ಟಿದಾಗ ಹಿನ್ನೀರು ಕಣಿವೆಯನ್ನೆಲ್ಲ ನುಂಗಿತ್ತು. ಊರು, ಹೊಲ, ದಾರಿ ಎಲ್ಲ ಅಡಿಗೆ ಹೋಗಿ, ಗುಡ್ಡಗಳ ತಲೆಗಳು ಏಳು ಮಾತ್ರ ಮೇಲೆ ಉಳಿದಿದ್ದವು. ಅಣೆಕಟ್ಟಿನ ಹತ್ತಿರ, ದಡಕ್ಕೆ ಕೂಗಿದರೆ ಕೇಳಿಸುವಷ್ಟು ಸಮೀಪದಲ್ಲಿರುವುದು ದೊಡ್ಡಗುಡ್ಡ. ಎಲ್ಲಕ್ಕಿಂತ ದೂರ, ನೀರಿನ ಮೇಲ್ತುದಿಯಲ್ಲಿ, ಕುರಿ ಕಾಯುವವನ ತಲೆಯ ಮೇಲಿನ ಟೊಪ್ಪಿಯಂತೆ ಕಾಣುವುದು ಟೊಪ್ಪಿಗುಡ್ಡ. ಒಂದು ಕಣದ ನಾಲ್ಕರಷ್ಟು ಜಾಗವೂ ಇಲ್ಲ. ಅದರ ಬುಡದಲ್ಲಿ ಅತ್ತಿಗೆಯ ತವರೂರು ಮುಳುಗಿತ್ತು. ಆ ಗುಡ್ಡದ ಮೇಲೆ ಅವಳು ಮೇಕೆ ಮೇಯಿಸಿ ಬೆಳೆದವಳು. ಯಾರಾದರೂ ತವರಿನ ಮಾತೆತ್ತಿದರೆ, "ನನ್ನ ತವರಿಗೆ ಕೈಕಾಲು, ಹೊಟ್ಟೆ ಎಲ್ಲ ಹೋಯ್ತು. ತಲೆಯೊಂದಿದೆ," ಎಂದು ನಗುತ್ತಿದ್ದಳು. ಕೇಳಿದವರಿಗೆ ನಗು ಬರುತ್ತಿರಲಿಲ್ಲ.

ಈ ಲೆಕ್ಕ ಯಾಕೆ ಎಂದು ಮೊದಮೊದಲು ದೋಣಿಯವನು ಕೇಳಿದ್ದುಂಟು. ಮೇಷ್ಟ್ರು ಅವನ ಮನೆಯಂಗಳದಲ್ಲೇ ತೋರಿಸಿಕೊಟ್ಟಿದ್ದರು. ನಲ್ಲಿಯಡಿ ಒಂದು ತೂತಿನ ಕೊಡ ಇಟ್ಟಿತ್ತು.

"ಮೇಲಿಂದ ನೀರು ಬೀಳ್ತಿದೆ, ಕೆಳಗೆ ಸೋರ್ತಿದೆ. ಆದರೂ ನೋಡಿ, ನೀರು ಒಂದು ಮಟ್ಟಕ್ಕೆ ನಿಂತಿದೆ. ದ್ವೀಪವೂ ಹೀಗೇ. ಹೊರಗಿಂದ ಹೊಸ ಜೀವ ಈಜಿಯೋ ತೇಲಿಯೋ ಹಾರಿಯೋ ಬರುತ್ತೆ. ಇರೋದರಲ್ಲಿ ಕೆಲವು ಸತ್ತು ಅಳಿಯುತ್ತೆ. ದಡಕ್ಕೆ ಹತ್ತಿರ ಇದ್ದರೆ ನಲ್ಲಿ ಜೋರು. ದೂರ ಇದ್ದರೆ ಹನಿ ಹನಿ. ಗುಡ್ಡ ದೊಡ್ಡದಾದರೆ ತೂತು ಸಣ್ಣದು. ಸಣ್ಣ ಗುಡ್ಡಕ್ಕೆ ತೂತು ದೊಡ್ಡದು, ಯಾಕಂದರೆ ಅಲ್ಲಿ ಒಂದೊಂದು ಬಗೆಯೂ ನಾಲ್ಕೈದೇ ಇರುತ್ತೆ. ಒಂದು ಕೆಟ್ಟ ಬೇಸಿಗೆ ಸಾಕು, ವಂಶ ಮುಗೀತು."

"ಅಂದರೆ ನಮ್ಮ ಟೊಪ್ಪಿಗುಡ್ಡ?" ಅತ್ತಿಗೆ ಕೇಳಿದ್ದಳು.

"ದೂರ, ಸಣ್ಣದು. ನಲ್ಲಿ ಹನಿ ಹನಿ, ತೂತು ದೊಡ್ಡದು. ಈಗ ಮೂವತ್ತನಾಲ್ಕು ಬಗೆ ಇದೆ. ಹಿಂದೆ ಊರಿನ ಜೊತೆ ಸೇರಿಕೊಂಡಿದ್ದಾಗಿನದು ಅದು. ನಾನು ಲೆಕ್ಕ ಹಾಕಿ ಎಳೆದ ಗೆರೆ ಪ್ರಕಾರ ಇಳೀತಾ ಇಳೀತಾ ಇಪ್ಪತ್ತಮೂರಕ್ಕೆ ಬಂದು ನಿಲ್ಲಬೇಕು."

"ಚೆನ್ನಾಗಿದೆ ನಿಮ್ಮ ಕೆಲಸ! ತೂತು ಮುಚ್ಚೋದು ಬಿಟ್ಟು ಸೋರಿದ್ದನ್ನ ಬರೀತಾ ಕೂತಿದ್ದೀರಲ್ಲ ಮೇಷ್ಟ್ರೇ?"

ಮೇಷ್ಟ್ರು ಮನಸಾರೆ ನಕ್ಕಿದ್ದರು. ಅವಳೂ ನಕ್ಕಿದ್ದಳು. ಮಾತು ಅಲ್ಲಿಗೆ ಮುಗಿಯಿತೆಂದು ದೋಣಿಯವನು ತಿಳಿದಿದ್ದ.

ಒಂದು ಬಗೆ ಮೂರು ವರ್ಷ ಸತತವಾಗಿ ಕಾಣದಿದ್ದರೆ ಮೇಷ್ಟ್ರು ಅದರ ಹೆಸರಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದರು. ಉಳಿದ ಆರು ಗುಡ್ಡಗಳ ಹಾಳೆಗಳಲ್ಲಿ ಗೆರೆಗಳು ಬೀಳುತ್ತ ಹೋದವು. ಟೊಪ್ಪಿಗುಡ್ಡದ ಹಾಳೆಯಲ್ಲಿ ಒಂದೂ ಬೀಳಲಿಲ್ಲ. ಎರಡು ವರ್ಷ ಕಾಣದ ಬಸವನಹುಳು ಮೂರನೆಯ ವರ್ಷ ಕಲ್ಲಿನಡಿ ಕೂತಿರುತ್ತಿತ್ತು. ಮೇಷ್ಟ್ರ ಜೊತೆಯವರು ಇದನ್ನು ನಂಬಲಿಲ್ಲ. ನಿಮ್ಮ ಲೆಕ್ಕದ ಗೆರೆಯೂ ತಪ್ಪು, ಎಣಿಕೆಯೂ ತಪ್ಪು ಎಂದು ಸಭೆಗಳಲ್ಲಿ ಗೇಲಿ ಮಾಡಿದರು. ಮೇಷ್ಟ್ರು ಪಟ್ಟು ಬಿಡಲಿಲ್ಲ. ಎಣಿಕೆ ತಪ್ಪಿಲ್ಲ, ಗೆರೆಯೇ ತಪ್ಪಿರಬೇಕು, ಸಣ್ಣ ಗುಡ್ಡಕ್ಕೆ ನಮಗೆ ತಿಳಿಯದ ಯಾವುದೋ ಕಸುವಿದೆ ಎಂದು ಬರೆದರು. ಅದನ್ನು ಹುಡುಕುತ್ತಲೇ ಅವರ ತಲೆ ಬೆಳ್ಳಗಾಯಿತು.

ಈ ವರ್ಷ ಅದಕ್ಕೆ ಬೇರೆ ತೂಕ ಬಂದಿತ್ತು. ಅಣೆಕಟ್ಟನ್ನು ಎತ್ತರಿಸುವುದೆಂದು ನೀರಿನ ಕಚೇರಿ ತೀರ್ಮಾನಿಸಿತ್ತು. ಆರಡಿ ಏರಿಸಿದರೆ ಟೊಪ್ಪಿಗುಡ್ಡ ಪೂರ್ತಿ ಮುಳುಗುತ್ತದೆ, ಮೂರಡಿಗೆ ನಿಲ್ಲಿಸಿದರೆ ಉಳಿಯುತ್ತದೆ. ಮೇಷ್ಟ್ರು ಕಚೇರಿಯ ಮೆಟ್ಟಿಲು ಹತ್ತಿ ಇಳಿದು ಸವೆದಿದ್ದರು. ಹತ್ತೊಂಬತ್ತು ವರ್ಷ ಒಂದು ಬಗೆಯನ್ನೂ ಕಳೆದುಕೊಳ್ಳದ ಇಂಥ ಗುಡ್ಡ ಇನ್ನೆಲ್ಲೂ ಇಲ್ಲ ಎಂಬ ಮಾತನ್ನು ಅಲ್ಲಿಯ ದೊಡ್ಡ ಇಂಜಿನಿಯರು ಕೊನೆಗೂ ಕಿವಿಗೆ ಹಾಕಿಕೊಂಡಿದ್ದರು. ಈ ಬೇಸಿಗೆಯ ಎಣಿಕೆ ತನ್ನಿ, ಮೂವತ್ತನಾಲ್ಕು ಇದ್ದರೆ ಮೂರಡಿಗೆ ನಿಲ್ಲಿಸೋಣ, ಎಂದಿದ್ದರು. ಅದನ್ನು ಕೇಳಿದ ದಿನ ಅತ್ತಿಗೆ ಊಟ ಮಾಡುವಾಗ ಎರಡು ಸಲ, "ಮೂವತ್ತನಾಲ್ಕು ಇದ್ದೇ ಇರುತ್ತೆ ಬಿಡು," ಅಂದಿದ್ದಳು.

ಅಂದು ಹುಟ್ಟು ಹಾಕುತ್ತ ದೋಣಿಯವನು ಅವಳನ್ನೇ ನೋಡುತ್ತಿದ್ದ. ಅತ್ತಿಗೆಗೆ ವಯಸ್ಸಾಗಿತ್ತು. ದೋಣಿ ಹತ್ತುವಾಗ ಹಲಗೆಯ ಅಂಚನ್ನು ಕೈಯಿಂದ ತಡವಿ ಕಾಲಿಟ್ಟಿದ್ದಳು. ಮಡಿಲಲ್ಲಿ ಹಳೆಯ ಅಲ್ಯೂಮಿನಿಯಂ ಡಬ್ಬಿ. ಬುತ್ತಿಯೆಂದು ಅದನ್ನು ತರುವಳು, ತಿನ್ನುವುದು ಮಾತ್ರ ಮೈದುನನ ಗಂಟಿನಿಂದ. "ನಿಮ್ಮ ಡಬ್ಬೀಲಿ ಏನಿದೆ ಅತ್ತಿಗೆ?" ಎಂದರೆ, "ನಿನ್ನ ಹೆಂಡತಿ ಕಣ್ಣಿಗೆ ಬೀಳದ್ದು," ಅನ್ನುವಳು. ವರ್ಷಗಟ್ಟಲೆ ಇದೇ ತಮಾಷೆ.

ಟೊಪ್ಪಿಗುಡ್ಡದಲ್ಲಿ ಹಗ್ಗ ಎಳೆದು ಕಟ್ಟಿದರು. ಬಿಸಿಲು ಮಂಕಾಗಿತ್ತು. ಮೇಲೆ ಒಂದು ಮೋಡ ಹೋಗುವ ಮನಸ್ಸಿಲ್ಲದೆ ನಿಂತಿತ್ತು. ಕಲ್ಲಿನ ಮೇಲೆ ಕಲ್ಲು ಎತ್ತುತ್ತ ಇಳಿದರು. ಹತ್ತು, ಹದಿನೆಂಟು, ಇಪ್ಪತ್ತೇಳು. ಅತ್ತಿಗೆ ಮುಂಚಿನಂತೆ ದೂರದಿಂದ ಹೇಳುತ್ತಿರಲಿಲ್ಲ. ಮೂಗು ಮಣ್ಣಿಗೆ ತಾಗುವಷ್ಟು ಬಗ್ಗಿ, ಬೆರಳಿನಿಂದ ಸವರಿ ಹೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೂವತ್ತಮೂರು ಆಯಿತು.

"ಇನ್ನು ಎಡಮುರಿ ಒಂದು," ಎಂದರು ಮೇಷ್ಟ್ರು. ಎಡಮುರಿ ಎಂದರೆ ಚಿಪ್ಪಿನ ಸುರುಳಿ ಎಡಕ್ಕೆ ತಿರುಗಿರುವ ಒಂದು ಬಸವನಹುಳು. "ಹೋದ ವರ್ಷವೂ ಇಲ್ಲ, ಅದರ ಹಿಂದಿನ ವರ್ಷವೂ ಇಲ್ಲ."

"ಆ ಚಪ್ಪಟೆ ಕಲ್ಲು ಎತ್ತಪ್ಪ," ಅಂದಳು ಅತ್ತಿಗೆ.

ದೋಣಿಯವನು ಎತ್ತಿದ. ಇತ್ತು. ನೆಲ್ಲಿಕಾಯಿಯಷ್ಟು ದಪ್ಪದ ಕಂದು ಚಿಪ್ಪು, ಎಡಕ್ಕೆ ಸುತ್ತಿದ್ದು. ಅದರ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಬಿಳಿ ಬಣ್ಣದ ಚುಕ್ಕೆ.

ದೋಣಿಯವನ ಕೈ ಕಲ್ಲಿನ ಮೇಲೆಯೇ ನಿಂತುಬಿಟ್ಟಿತು. ಆ ಚುಕ್ಕೆ ಇಟ್ಟಾಗ ಅವನು ಪಕ್ಕದಲ್ಲೇ ಕೂತಿದ್ದ. ಮೂರು ತಿಂಗಳ ಹಿಂದೆ ಮೇಷ್ಟ್ರು ಎಂದೂ ಇಲ್ಲದೆ ಚಳಿಗಾಲದಲ್ಲಿ ಬಂದು, ದೊಡ್ಡಗುಡ್ಡದ ಇನ್ನೂರು ಎಡಮುರಿಗಳಿಗೆ ಸಣ್ಣ ಕುಂಚದಿಂದ ಬಿಳಿ ಚುಕ್ಕೆ ಇಟ್ಟು ಬಿಟ್ಟಿದ್ದರು. ಅಲ್ಲಿ ಎಷ್ಟಿವೆ, ಎಷ್ಟು ದೂರ ಓಡಾಡುತ್ತವೆ ಎಂದು ತಿಳಿಯಲು. ಆ ವಾರ ಅತ್ತಿಗೆ ಜ್ವರದಲ್ಲಿ ಮಲಗಿದ್ದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳುವಂಥದ್ದೇನು ಅದರಲ್ಲಿ?

ಹೋದ ತಿಂಗಳು ಪೊರಕೆಹುಲ್ಲು ಕೊಯ್ಯಬೇಕೆಂದು ಅವಳು ಅವನನ್ನು ಮೊದಲು ದೊಡ್ಡಗುಡ್ಡಕ್ಕೆ, ಆಮೇಲೆ ಇಲ್ಲಿಗೆ ಕರೆದುಕೊಂಡು ಬಂದದ್ದು ನೆನಪಾಯಿತು. ಮಡಿಲಲ್ಲಿ ಡಬ್ಬಿ ಇತ್ತು. ಅವನು ಅತ್ತಿಗೆಯ ಮುಖ ನೋಡಿದ. ಅವಳು ಹುಳುವಿನ ಕಡೆಗೇ ತಿರುಗಿ ಸಮಾಧಾನದಿಂದ ನಿಂತಿದ್ದಳು. ಚುಕ್ಕೆ ಅವಳಿಗೆ ಕಾಣುತ್ತಲೇ ಇರಲಿಲ್ಲ.

ಮೇಷ್ಟ್ರಿಗೆ ಕಂಡಿತು. ಅವರು ಮೊಣಕಾಲೂರಿ ಕೂತರು. ಭೂತಗನ್ನಡಿಯನ್ನು ಚಿಪ್ಪಿನ ಮೇಲೆ ಹಿಡಿದರು.

"ದಾಟಿ ಬಂದಿದೆ," ಅಂದರು. "ಅಯ್ಯೋ, ದೊಡ್ಡಗುಡ್ಡದಿಂದ ದಾಟಿ ಬಂದಿದೆ ಕಣಮ್ಮ! ನಾನಿಟ್ಟ ಚುಕ್ಕೆ ಇದು. ಹತ್ತೊಂಬತ್ತು ವರ್ಷದಿಂದ ಇದೇ, ಇದನ್ನೇ ಹುಡುಕ್ತಿದ್ದೆ. ಹನಿ ಹನಿ ಅಂದುಕೊಂಡಿದ್ದ ನಲ್ಲಿ ಹನಿ ಹನಿ ಅಲ್ಲ. ಇಷ್ಟು ದೂರಕ್ಕೂ ಅವು ಬರ್ತಿವೆ. ಅದಕ್ಕೇ ಈ ಗುಡ್ಡ ಖಾಲಿಯಾಗ್ತಿಲ್ಲ."

ಅವರ ಕಣ್ಣಲ್ಲಿ ನೀರು ನಿಂತಿತ್ತು. ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು.

"ಚುಕ್ಕೆಯಾ?" ಎಂದಳು. "ಯಾವ ಚುಕ್ಕೆ?"

ಮೇಷ್ಟ್ರು ಆಗಲೇ ಎದ್ದು ನೀರಿನ ಕಡೆ ನೋಡುತ್ತಿದ್ದರು. ಸಂತೋಷ ಎಷ್ಟಿದ್ದರೂ ಅವರು ಎರಡು ಸಲ ಅಳೆದು ಒಂದು ಸಲ ಬರೆಯುವ ಮನುಷ್ಯ.

"ಒಂದು ಮಾತು ಹೇಳಿ. ಮರದ ತುಂಡು, ಕಸ ಕಡ್ಡಿ, ಇವೆಲ್ಲ ಈ ನೀರಲ್ಲಿ ಯಾವ ಕಡೆ ತೇಲುತ್ತೆ?"

ತೇಲುವುದು ಅಣೆಕಟ್ಟಿನ ಕಡೆಗೆ. ಟೊಪ್ಪಿಗುಡ್ಡದಿಂದ ದೊಡ್ಡಗುಡ್ಡಕ್ಕೆ. ಈ ಕಡೆಗೆ ಒಂದು ಕಡ್ಡಿ ಬಂದದ್ದನ್ನೂ ದೋಣಿಯವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ನೀರಿನ ವಿಷಯದಲ್ಲಿ ಅವನು ಯಾರಿಗೂ ಸುಳ್ಳು ಹೇಳಿದವನಲ್ಲ. ಹಾಗೆ ಹೇಳಿದ ದೋಣಿಯವನ ದೋಣಿಗೆ ಜನ ಹತ್ತುವುದಿಲ್ಲ.

"ಚಳಿಗಾಲದಲ್ಲಿ ಕೆಳಗಿಂದ ಗಾಳಿ ಬೀಸುತ್ತಲ್ಲ ಮೇಷ್ಟ್ರೇ," ಎಂದ ಅವನು ಹಗ್ಗದ ಗಂಟನ್ನು ನೋಡುತ್ತ. "ಆವಾಗ ಒಂದೊಂದು ಸಲ ಮೇಲಕ್ಕೂ ಬರುತ್ತೆ."

"ನೀವೇ ಕಂಡಿದ್ದೀರಾ?"

"ಹೂಂ. ಕಂಡಿದ್ದೀನಿ."

ಅತ್ತಿಗೆ ತಲೆ ಎತ್ತಿ ಅವನನ್ನು ನೋಡಿದಳು. ಕಣ್ಣಿಗೆ ಪೊರೆ ಬಂದಿದ್ದರೂ ಮೈದುನ ಯಾವಾಗ ಸುಳ್ಳು ಹೇಳುತ್ತಾನೆಂದು ತಿಳಿಯಲು ಅವಳಿಗೆ ಕಣ್ಣು ಬೇಕಿರಲಿಲ್ಲ.

ಬಂಡೆಯ ನೆರಳಲ್ಲಿ ಬುತ್ತಿ ಬಿಚ್ಚಿದರು. ಮೇಷ್ಟ್ರಿಗೆ ಊಟ ಬೇಕಾಗಿರಲಿಲ್ಲ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತ, ಬರೆದದ್ದನ್ನು ಗಟ್ಟಿಯಾಗಿ ಓದುತ್ತಿದ್ದರು. "ಮೂವತ್ತನಾಲ್ಕನೆಯದು, ಎಡಮುರಿ. ಒಂದು. ಬಿಳಿ ಚುಕ್ಕೆಯದು. ಚಳಿಗಾಲದ ಗಾಳಿಗೆ ತೇಲಿ ಬಂದಿರಬೇಕು, ದೋಣಿಯವರ ಹೇಳಿಕೆ. ಕಂಡವರು..."

"ಅದನ್ನ ಬರೀಬೇಡಿ," ಅಂದಳು ಅತ್ತಿಗೆ.

"ಯಾವುದನ್ನ?"

"ಕಂಡವರು ಅಂತ ನನ್ನ ಗುರುತು. ಆ ಹುಳು ತಂದಿಟ್ಟೋಳೂ ನಾನೇ, ಕಂಡೋಳೂ ನಾನೇ. ಹಾಗೆ ಬರೆಯೋಕೆ ನಿಮ್ಮ ಪುಸ್ತಕದಲ್ಲಿ ಜಾಗ ಇದೆಯಾ?"

ದೋಣಿಯವನು, "ಅತ್ತಿಗೆ, ಸುಮ್ಮನಿರಿ," ಎಂದ.

"ನೀನು ಸುಮ್ಮನಿರು. ನೀರು ಹಿಂದಕ್ಕೆ ಹರಿಯುತ್ತೆ ಅಂದುಬಿಟ್ಟೆಯಲ್ಲ, ನಾಚಿಕೆಯಾಗಲಿಲ್ಲವಾ ನಿನಗೆ? ನನ್ನ ಬಾಯಿ ನನ್ನದು, ನಿನ್ನದು ಯಾಕೆ ಕೆಡಬೇಕು?" ಮಡಿಲಿನ ಡಬ್ಬಿಯನ್ನು ತೆಗೆದು ಅವಳು ಮೇಷ್ಟ್ರ ಮುಂದಿಟ್ಟಳು. ಮುಚ್ಚಳದಲ್ಲಿ ಮೊಳೆಯಿಂದ ಹೊಡೆದ ಸಣ್ಣ ತೂತುಗಳಿದ್ದವು. ಒಳಗೆ ಒಣಗಿದ ಪಾಚಿ, ಒಂದಿಷ್ಟು ಮಣ್ಣು.

ಆಮೇಲೆ ಅವಳು ಹೇಳಿದಳು. ಅವಸರ ಮಾಡಲಿಲ್ಲ. ಮನೆಯಲ್ಲಿ ಬೆಂಕಿ ಆರಿದರೆ ಪಕ್ಕದ ಮನೆಯಿಂದ ಕೆಂಡ ತರುವುದಿಲ್ಲವೇ, ಹಾಗೆ ತಂದೆ, ಎಂದಳು. ಮೊದಲು ತಂದದ್ದು ಎಡಮುರಿಯನ್ನೇ. ಆ ವರ್ಷ ಮೇಷ್ಟ್ರು ಕೆಂಪು ಪೆನ್ಸಿಲ್ ಕೈಗೆ ತೆಗೆದುಕೊಂಡದ್ದನ್ನು ನೋಡಿ ಅವಳು, ಇನ್ನು ಎರಡು ದಿನ ಹುಡುಕೋಣ ಎಂದು ಅವರನ್ನು ನಿಲ್ಲಿಸಿ, ಮರುದಿನ ಬೇರೆ ಗುಡ್ಡದಿಂದ ಒಂದು ಜೊತೆ ತಂದು ಕಲ್ಲಿನಡಿ ಬಿಟ್ಟಿದ್ದಳು. ಆಮೇಲೆ ಕೆಂಪುಕಾಲಿನ ಜರಿ. ಆಮೇಲೆ ಬಾಲ ಕೆಂಪಗಿರುವ ಹಾವುರಾಣಿ. ಗುಂಡುಕಪ್ಪೆ. ಕಟ್ಟಿರುವೆಯ ಒಂದು ಬಗೆಯನ್ನು ಗೂಡಿನ ಮಣ್ಣುಹೆಂಟೆಯ ಸಮೇತ ತಂದಾಗ ಅವು ದಾರಿಯುದ್ದಕ್ಕೂ ಹೊಟ್ಟೆಗೆಲ್ಲ ಕಚ್ಚಿದ್ದವು. "ನೆನಪಿದೆಯೇನೋ? ದೋಣೀಲಿ ಕುಣಿದಾಡ್ತಿದ್ದೆ, ನೀನು ದೆವ್ವ ಮೆಟ್ಟಿಕೊಂಡಿದೆಯಾ ಅಂದೆ."

ದೋಣಿಯವನಿಗೆ ನೆನಪಿತ್ತು. ನಗಲಿಲ್ಲ.

ಮೇಷ್ಟ್ರು ಟೊಪ್ಪಿಗುಡ್ಡದ ಹಾಳೆ ತೆರೆದರು. ಅವಳು ಒಂದೊಂದನ್ನೂ ಹೇಳಿದಂತೆ ಅವರು ಅದರ ಮುಂದೆ ಪೆನ್ಸಿಲಿನ ತುದಿ ಇಟ್ಟು, ಮುಂದೆ ಹೋಗಿ, ಹನ್ನೊಂದಕ್ಕೆ ನಿಂತರು.

"ಅಷ್ಟೇನಾ?"

"ಅಷ್ಟೇ. ಉಳಿದವು ತಮ್ಮ ಪಾಡಿಗೆ ತಾವು ಇರೋವು. ಅವನ್ನ ನಾನು ಮುಟ್ಟಿಲ್ಲ."

"ಮೂವತ್ತನಾಲ್ಕರಲ್ಲಿ ಹನ್ನೊಂದು ಹೋದರೆ..." ಎನ್ನುತ್ತ ಮೇಷ್ಟ್ರು ಪುಸ್ತಕದ ಹಿಂದಿನ ಮಡಿಕೆಯಿಂದ ಹಳದಿಯಾದ ಒಂದು ಹಾಳೆ ತೆಗೆದರು. ಅಂಗಳದಲ್ಲಿ ಕೊಡ ತೋರಿಸಿದ ವರ್ಷ ಎಳೆದ ಗೆರೆ ಅದರ ಮೇಲಿತ್ತು. ಇಳಿಯುತ್ತ ಇಳಿಯುತ್ತ ಬಂದು ಇಪ್ಪತ್ತಮೂರಕ್ಕೆ ನಿಂತಿತ್ತು. ಹತ್ತೊಂಬತ್ತು ವರ್ಷ ಅವರು ಜಗಳವಾಡಿದ್ದು ಈ ಗೆರೆಯ ವಿರುದ್ಧ. ಕೊನೆಗೆ ಅದು ಕೂದಲೆಳೆಯಷ್ಟೂ ಅತ್ತಿತ್ತ ಸರಿದಿರಲಿಲ್ಲ.

"ಗೆರೆ ಸರಿಯಾಗೇ ಇತ್ತು," ಅಂದರು ಕೊನೆಗೆ. ಯಾರದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ ಹೇಳಿದರು.

ದೋಣಿಯವನು ತಡೆಯಲಾರದೆ ಎದ್ದು ನಿಂತ. "ಮೇಷ್ಟ್ರೇ, ಮೂವತ್ತನಾಲ್ಕು ಅಂತಲೇ ಬರೆದುಬಿಡಿ. ಇಲ್ಲಿ ಇರೋರು ಮೂರು ಜನ. ನಾವಿಬ್ಬರು ಬಾಯಿ ಬಿಡಲ್ಲ. ಕಚೇರಿಯವರು ಬಂದು ಕಲ್ಲು ಎತ್ತಿ ನೋಡ್ತಾರಾ? ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಯ್ತಲ್ಲಪ್ಪ."

"ಅವೇನು ಸುಳ್ಳು ಜೀವವಾ?" ಅತ್ತಿಗೆ ಕೇಳಿದಳು. ಈಗ ಅವಳ ದನಿ ಬೇಡುವ ದನಿಯಾಗಿತ್ತು. "ಇವತ್ತು ನೀವೇ ಎಣಿಸಿದಿರಿ, ಎಲ್ಲ ಇಲ್ಲೇ ಇವೆ. ಹೊರಗಿಂದ ತಂದ ಸೊಸೆ ಮನೆಯವಳಲ್ವಾ? ನನ್ನನ್ನೂ ಹಾಗೇ ತಂದದ್ದು. ನಲವತ್ತು ವರ್ಷ ಆಯ್ತು, ಯಾರಾದರೂ ನನ್ನನ್ನ ಲೆಕ್ಕದಿಂದ ತೆಗೆದರಾ?"

ಮೇಷ್ಟ್ರು ಮೆಲ್ಲಗೆ, "ಎಡಮುರೀನ ಎಷ್ಟು ಸಲ ತಂದಿರಿ ತಾಯಿ?" ಎಂದರು.

ಅವಳು ಡಬ್ಬಿಯ ಮುಚ್ಚಳದ ತೂತುಗಳನ್ನು ಬೆರಳಿನಿಂದ ಸವರಿದಳು.

"ಒಂದೇ ಸಲವಾ?"

"ಏಳು ಸಲ."

"ಹಾವುರಾಣಿ?"

"ನಾಲ್ಕು." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿಲ್ಲಲ್ಲ ಅವು. ತಂದು ಬಿಟ್ಟರೆ ಒಂದು ವರ್ಷ, ಬಹಳ ಅಂದರೆ ಎರಡು ವರ್ಷ. ಒಂದು ಸಲವೂ ಮರಿ ಕಾಣಲಿಲ್ಲ. ಏನು ಮಾಡಿದೆ ಗೊತ್ತಾ, ಬೇಸಿಗೇಲಿ ಬಂದಾಗಲೆಲ್ಲ ಕಲ್ಲಿನ ಸುತ್ತ ನೀರು ಚಿಮುಕಿಸಿ ಹೋಗ್ತಿದ್ದೆ. ಆದರೂ ನಿಲ್ಲಲಿಲ್ಲ."

ಮೇಷ್ಟ್ರು ಕೆಂಪು ಪೆನ್ಸಿಲನ್ನು ಬ್ಲೇಡಿನಿಂದ ಹೆರೆದರು. ಬಂಡೆಗೆ ಹಾಳೆ ಒತ್ತಿ ಹಿಡಿದು, ಒಂದೊಂದೇ ಹೆಸರಿನ ಮೇಲೆ ಗೆರೆ ಎಳೆದರು. ಹನ್ನೊಂದು ಗೆರೆಗಳಾದವು. ಅತ್ತಿಗೆ ನೋಡುತ್ತಿದ್ದಳು. ಅವಳಿಗೆ ಗೆರೆ ಕಾಣುತ್ತಿತ್ತೋ ಇಲ್ಲವೋ, ಪೆನ್ಸಿಲಿನ ಸದ್ದು ಕೇಳುತ್ತಿತ್ತು. ಕೊನೆಗೆ ಮೇಷ್ಟ್ರು ಚಳಿಗಾಲದ ಗಾಳಿಯ ಮಾತನ್ನೂ ಹೊಡೆದುಹಾಕಿದರು. ದೋಣಿಯವನು ಮುಖ ತಿರುಗಿಸಿಕೊಂಡ.

"ಕಚೇರೀಲಿ ಏನಂತೀರಿ?" ಎಂದು ಅವಳು ಕೇಳಿದಳು.

"ಇಪ್ಪತ್ತಮೂರು ಅಂತೀನಿ."

"ಆರಡಿ ಏರಿಸ್ತಾರೆ."

"ಏರಿಸ್ತಾರೆ."

"ಹಾಗಾದರೆ ಇರೋವನ್ನಾದರೂ ಮಳೆಗಾಲಕ್ಕೆ ಮುಂಚೆ ದೊಡ್ಡಗುಡ್ಡಕ್ಕೆ ಸಾಗಿಸಬಹುದಲ್ಲ. ಡಬ್ಬಿ ಇದೆ. ನನಗೆ ಅಭ್ಯಾಸ ಇದೆ."

ಮೇಷ್ಟ್ರು ಬೇಡವೆಂದು ತಲೆಯಾಡಿಸಿದರು. "ಇಲ್ಲಿರೋ ಇಪ್ಪತ್ತಮೂರೂ ಅಲ್ಲಿ ಆಗಲೇ ಇವೆ ತಾಯಿ. ಒಯ್ದರೆ ಅಲ್ಲಿಗೆ ಒಂದು ಬಗೆಯೂ ಹೆಚ್ಚಾಗಲ್ಲ."

ತನ್ನ ತವರಿನಲ್ಲಿದ್ದದ್ದೆಲ್ಲ ಬೇರೆ ಕಡೆಯೂ ಇತ್ತು ಎಂಬುದು ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲವೆಂದು ಕಾಣುತ್ತದೆ. ಎದ್ದು ಡಬ್ಬಿಯೊಳಗಿನ ಮಣ್ಣು ಪಾಚಿಯನ್ನು ಅಲ್ಲೇ ಕೊಡವಿದಳು.

ದೋಣಿಯವನು ಹಗ್ಗ ಸುತ್ತಿಕೊಂಡು ದೋಣಿಗೆ ಹಾಕಿದ. ಮೇಷ್ಟ್ರು ಹತ್ತಿ ಕೂತು, ಪುಸ್ತಕವನ್ನು ಪ್ಲಾಸ್ಟಿಕ್ ಚೀಲಕ್ಕೆ ಸೇರಿಸಿ ಗಂಟು ಹಾಕಿದರು. ಬಿಸಿಲು ಪೂರ್ತಿ ಹೋಗಿತ್ತು. ನೀರು ಸೀಸದ ಬಣ್ಣಕ್ಕೆ ತಿರುಗಿ ಅಣೆಕಟ್ಟಿನ ಕಡೆಗೆ ಮೆಲ್ಲಗೆ ಜಾರುತ್ತಿತ್ತು. ಒಂದು ಒಣಗಿದ ಕಡ್ಡಿ ದೋಣಿಯ ಪಕ್ಕದಲ್ಲೇ ಹಾದು ಅದೇ ದಿಕ್ಕಿಗೆ ಹೋಯಿತು. ಮೇಷ್ಟ್ರೂ ನೋಡಿದರು, ದೋಣಿಯವನೂ ನೋಡಿದ.

"ಅತ್ತಿಗೆ, ಬನ್ನಿ. ಗಾಳಿ ಏಳ್ತಿದೆ."

"ತಡಿಯೋ."

ಅವಳು ದಿಣ್ಣೆಯನ್ನು ಮತ್ತೆ ಹತ್ತುತ್ತಿದ್ದಳು. ಆ ಚಪ್ಪಟೆ ಕಲ್ಲಿನ ಹತ್ತಿರ ಕೂತು ಕೈಯಾಡಿಸಿದಳು. ಗಡಿಬಿಡಿಯಲ್ಲಿ ದೋಣಿಯವನು ಅದನ್ನು ಮಗುಚಿ ಬಿಟ್ಟುಬಂದಿದ್ದ. ಮಣ್ಣಿನ ಮುಖ ಮೇಲಾಗಿತ್ತು. ಬಿಳಿ ಚುಕ್ಕೆಯ ಹುಳು ಚಿಪ್ಪಿನೊಳಗೆ ಮುದುಡಿಕೊಂಡು ಬಯಲಲ್ಲೇ ಬಿದ್ದಿತ್ತು. ಅವಳು ಅದನ್ನು ಬೆರಳಿನಿಂದ ಹುಡುಕಿ, ಇದ್ದ ತಗ್ಗಿನಲ್ಲೇ ಇಟ್ಟಳು. ಎರಡೂ ಕೈಯಲ್ಲಿ ಕಲ್ಲನ್ನು ತಿರುಗಿಸಿ, ಮಣ್ಣಿನ ಮುಖ ಮಣ್ಣಿಗೆ ಬಂತೇ ಎಂದು ಅಂಗೈಯಿಂದ ಸವರಿ ನೋಡಿ, ಮುಚ್ಚಿದಳು. ಅಂಚಿನಲ್ಲಿ ಸಂದು ಉಳಿದಿತ್ತು. ಅದಕ್ಕೂ ಒಂದು ಹಿಡಿ ಮಣ್ಣು ಒತ್ತಿದಳು.

ಮೇಷ್ಟ್ರು ಅವಸರ ಮಾಡಲಿಲ್ಲ. ದೋಣಿಯವನು ಹುಟ್ಟನ್ನು ನೆಲಕ್ಕೆ ಊರಿ ದೋಣಿ ಜಾರದಂತೆ ಹಿಡಿದುಕೊಂಡು ನಿಂತಿದ್ದ.